ಗಂಟು ಒಂದೇ, ಅಳತೆಯೇ ಎಲ್ಲ: ಮನೆಯಲ್ಲೇ ಮ್ಯಾಕ್ರಮೆ ಬ್ಯಾಗ್, ಜೊತೆಗೊಂದು ಕೀಚೈನ್

ನನ್ನ ಮೊದಲ ಮ್ಯಾಕ್ರಮೆ ಬ್ಯಾಗಿಗೆ, ಅಂದರೆ ಹುರಿಗೆ ಕೈಯಿಂದಲೇ ಗಂಟು ಹಾಕಿ ಮಾಡಿದ ಬ್ಯಾಗಿಗೆ, ತಳವೇ ಇರಲಿಲ್ಲ. ಗಂಟುಗಳು ಚೆನ್ನಾಗಿಯೇ ಬಂದಿದ್ದವು. ಆದರೆ ತಳ ಕಟ್ಟಲು ಇನ್ನೊಂದು ಗೇಣು ಇದೆ ಅನ್ನುವಾಗ ಹುರಿ ಮುಗಿದುಹೋಯಿತು. ಎರಡು ಸಂಜೆಯ ಕೆಲಸ ಒಂದು ಹೂಕುಂಡದ ಸುತ್ತ ಹೋಗಿ ಕೂತಿತು. ತಪ್ಪು ಗಂಟಿನದಲ್ಲ, ಕತ್ತರಿ ಹಿಡಿಯುವ ಮೊದಲು ಲೆಕ್ಕ ಹಾಕದ ನನ್ನದು.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಗಂಟಿಗಿಂತ ಅಳತೆಯ ಮಾತು ಸ್ವಲ್ಪ ಜಾಸ್ತಿ ಇದೆ. ಗಂಟು ಕಲಿಯಲು ಅರ್ಧ ಗಂಟೆ ಸಾಕು. ಜಡೆ ಹೆಣೆಯಲು ಬಂದವರಿಗೆ ಇನ್ನೂ ಬೇಗ ಕೈಗೆ ಬರುತ್ತದೆ. ಗಂಟು ಹಾಕಲು ಸೂಜಿ ಬೇಡ, ಕ್ರೋಶಾ ಕಡ್ಡಿ ಬೇಡ, ಮಗ್ಗವೂ ಬೇಡ. ಎಲ್ಲವೂ ಬೆರಳಿನ ಕೆಲಸ. ಹಿಂದೆ ಹಡಗಿನ ನಾವಿಕರು ತಿಂಗಳುಗಟ್ಟಲೆ ಸಮುದ್ರದಲ್ಲಿರುವಾಗ ಹೊತ್ತು ಕಳೆಯಲು ಇದೇ ಗಂಟುಗಳನ್ನು ಹಾಕುತ್ತಿದ್ದರು. ಅವರ ಹತ್ತಿರ ಹಗ್ಗಕ್ಕೂ ಬರವಿರಲಿಲ್ಲ, ಸಮಯಕ್ಕೂ ಬರವಿರಲಿಲ್ಲ.

ನಾವು ಮಾಡಲಿರುವುದು ಬಲೆಯಂಥ ಕೈಚೀಲ. ಮೇಲೆ ಎರಡು ಮರದ ಬಳೆಗಳ ಹಿಡಿಕೆ. ಅಗಲ ಸುಮಾರು 30 ಸೆಂಟಿಮೀಟರ್, ಬಳೆ ಬಿಟ್ಟು ಎತ್ತರ 33 ಸೆಂಟಿಮೀಟರ್ ಆಸುಪಾಸು. ಜೊತೆಗೆ ಅದೇ ಹುರಿಯಲ್ಲಿ ಕುಚ್ಚು ಇರುವ ಒಂದು ಸುರುಳಿ ಕೀಚೈನ್.

ಹುರಿ ಆರಿಸುವುದು

ಮ್ಯಾಕ್ರಮೆ ಹುರಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಒಂದೇ ಕಡೆ ಹೊಸೆದ ಮೆತ್ತನೆಯ ಹುರಿ. ಬಾಚಣಿಗೆ ಆಡಿಸಿದರೆ ರೇಷ್ಮೆಯಂತೆ ಬಿಚ್ಚಿಕೊಳ್ಳುತ್ತದೆ. ಗೋಡೆಗೆ ತೂಗುಹಾಕುವ ವಸ್ತುಗಳಿಗೆ ಇದು ಚೆನ್ನ. ಬ್ಯಾಗಿಗೆ ನಾನು ಬಳಸುವುದಿಲ್ಲ, ಯಾಕೆಂದರೆ ನಾಲ್ಕು ಸಲ ಬಿಚ್ಚಿ ಕಟ್ಟಿದರೆ ಹತ್ತಿಯಂತೆ ಉಬ್ಬಿಕೊಳ್ಳುತ್ತದೆ. ಎರಡನೆಯದು ಮೂರೆಳೆ ಸೇರಿಸಿ ಹೊಸೆದದ್ದು. ಗಟ್ಟಿ, ನೋಡಲೂ ಚೆಂದ. ತುದಿ ಮಾತ್ರ ಬೇಗ ಬಿಚ್ಚಿಕೊಳ್ಳುತ್ತದೆ. ಮೂರನೆಯದು ಜಡೆಯಂತೆ ಹೆಣೆದ ಹುರಿ. ಇದು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ, ತಪ್ಪಿದ ಗಂಟನ್ನು ಎಷ್ಟು ಸಲ ಬಿಚ್ಚಿದರೂ ಮುಖ ಕೆಡುವುದಿಲ್ಲ. ಮೊದಲ ಬ್ಯಾಗಿಗೆ ಇದನ್ನೇ ತೆಗೆದುಕೊಳ್ಳಿ. ಇದರ ಕುಚ್ಚು ಬಿಡಿಸುವುದು ಸ್ವಲ್ಪ ತಲೆನೋವು, ಅಷ್ಟೇ.

ದಪ್ಪ 4 ಮಿಲಿಮೀಟರ್ ಇರಲಿ. 3 ಮಿಲಿಮೀಟರ್ ಹುರಿಯಲ್ಲಿ ಬಲೆ ನಾಜೂಕಾಗಿ ಬರುತ್ತದೆ, ಆದರೆ ಭಾರ ಹಾಕಿದಾಗ ಹೆಚ್ಚು ಜೋಲುತ್ತದೆ. 6 ಮಿಲಿಮೀಟರ್ ಹುರಿಯಲ್ಲಿ ಗಂಟು ತೀರ ದಪ್ಪಗೆ ಕಾಣುತ್ತದೆ, ಬೆರಳೂ ನೋಯುತ್ತದೆ. ಹತ್ತಿ ಹುರಿ ಕೈಗೆ ಹಿತ, ಗಂಟು ಜಾರುವುದಿಲ್ಲ. ನೈಲಾನ್ ಮತ್ತು ಪಾಲಿಯೆಸ್ಟರ್ ಗಟ್ಟಿ, ನೀರಿಗೂ ಜಗ್ಗುವುದಿಲ್ಲ. ಆದರೆ ನುಣುಪಾಗಿರುವುದರಿಂದ ಗಂಟು ಮೆಲ್ಲಗೆ ಸಡಿಲವಾಗುತ್ತದೆ. ಒಂದು ಅನುಕೂಲ ಏನೆಂದರೆ, ಅವುಗಳ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಮುಚ್ಚಬಹುದು. ಹತ್ತಿಗೆ ಈ ಉಪಾಯ ಮಾಡಲು ಹೋಗಬೇಡಿ, ಅದು ಕರಗುವುದಿಲ್ಲ, ಉರಿಯುತ್ತದೆ.

ಉಳಿದ ಸಾಮಾನು ಹೀಗಿದೆ. ಸುಮಾರು 15 ಸೆಂಟಿಮೀಟರ್ ಅಗಲದ ಎರಡು ಮರದ ಅಥವಾ ಬಿದಿರಿನ ಬಳೆ, ಒಂದು ಕೀಚೈನ್ ಕೊಕ್ಕೆ, ಹರಿತವಾದ ಕತ್ತರಿ, ಅಳತೆ ಟೇಪು, ಅಂಟುವ ಟೇಪು, ಬಾಚಣಿಗೆ, ಮತ್ತು ಒಂದು ರಟ್ಟಿನ ತುಂಡು. ಈ ರಟ್ಟಿನ ತುಂಡು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬಳೆಯ ಒಳಮೈಯನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಸಿಬಿರು ಇದ್ದರೆ ಮರಳು ಕಾಗದದಿಂದ ಉಜ್ಜಿ. ಇಲ್ಲದಿದ್ದರೆ ಹುರಿಯೂ ಸಿಕ್ಕಿಕೊಳ್ಳುತ್ತದೆ, ಕೈಗೂ ಚುಚ್ಚುತ್ತದೆ.

ಕತ್ತರಿಸುವ ಮೊದಲು ಲೆಕ್ಕ

ಒಂದು ಬಳೆಗೆ 10 ಹುರಿ. ಪ್ರತಿಯೊಂದನ್ನೂ ಅರ್ಧಕ್ಕೆ ಮಡಚಿ ಕಟ್ಟುವುದರಿಂದ ಬಳೆಯಿಂದ 20 ಎಳೆ ಇಳಿಯುತ್ತವೆ. ಎರಡು ಬಳೆಗೆ 20 ಹುರಿ, 40 ಎಳೆ. ಚೌಕ ಗಂಟಿಗೆ (ಕಟ್ಟುವ ಬಗೆ ಮುಂದಿನ ಭಾಗದಲ್ಲಿದೆ) 4 ಎಳೆ ಬೇಕು. ಅಂದರೆ ಒಂದು ಬದಿಗೆ 5 ಗಂಟು, ಸುತ್ತಲೂ 10 ಗಂಟು.

ಇನ್ನು ಉದ್ದ. ಗಂಟಿನಲ್ಲಿ ಎಲ್ಲ ಎಳೆಗಳೂ ಒಂದೇ ರೀತಿ ಖರ್ಚಾಗುವುದಿಲ್ಲ. ನಡುವಿನ ಎರಡು ಎಳೆ ಸುಮ್ನೆ ನಿಂತಿರುತ್ತವೆ. ಪಕ್ಕದ ಎರಡು ಅವುಗಳನ್ನು ಸುತ್ತಿ ಗಂಟಾಗುತ್ತವೆ. ಪಕ್ಕದ ಎಳೆ ಒಂದು ಗಂಟಿಗೆ ಸುಮಾರು 8 ಸೆಂಟಿಮೀಟರ್ ನುಂಗುತ್ತದೆ, ನಡುವಿನದು ಒಂದೂವರೆ ಸೆಂಟಿಮೀಟರ್ ಕೂಡ ಕಷ್ಟ. ಈ 8 ಸೆಂಟಿಮೀಟರ್ ನನ್ನ ಕೈಯ ಲೆಕ್ಕ. ನಿಮ್ಮ ಕೈ ಎಳೆತ ಬೇರೆ ಇರುತ್ತದೆ. ಅದಕ್ಕೇ ಮೊದಲು ಪರೀಕ್ಷೆ ಮಾಡಿ. ಒಂದೊಂದು ಮೀಟರಿನ ನಾಲ್ಕು ಎಳೆ ತಗೊಂಡು ಒಂದರ ಕೆಳಗೊಂದು 5 ಚೌಕ ಗಂಟು ಹಾಕಿ. ಪಕ್ಕದ ಎಳೆ ಎಷ್ಟು ಕಡಿಮೆಯಾಯಿತು ಅಳೆದು 5ರಿಂದ ಭಾಗಿಸಿ. 8ರ ಹತ್ತಿರ ಬಂದರೆ ಕೆಳಗಿನ ಅಳತೆಯೇ ಸರಿ. 10 ಬಂದರೆ ಪ್ರತಿ ಹುರಿಗೂ 20 ಸೆಂಟಿಮೀಟರ್ ಸೇರಿಸಿ. ಬ್ಯಾಗಿನಲ್ಲಿ 10 ಸಾಲು ಇವೆ. ಒಂದು ಎಳೆ ಅವುಗಳಲ್ಲಿ ಅರ್ಧದಷ್ಟು ಸಾಲಿನಲ್ಲಿ ಪಕ್ಕದ ಎಳೆಯಾಗುತ್ತದೆ. 5 ಗಂಟಿಗೆ ಎರಡೆರಡು ಸೆಂಟಿಮೀಟರ್ ಜಾಸ್ತಿ ಅಂದರೆ ಎಳೆಗೆ 10, ಮಡಚಿದ ಹುರಿಗೆ 20.

ಈಗ ಕತ್ತರಿಸಿ: 2.8 ಮೀಟರಿನ 16 ಹುರಿ, 3 ಮೀಟರಿನ 4 ಹುರಿ. ಉದ್ದದ ನಾಲ್ಕು ಬ್ಯಾಗಿನ ಅಂಚಿಗೆ.  ಕೀಚೈನಿಗೆ ಬೇಕಾದ್ದನ್ನೂ ಈಗಲೇ ಕತ್ತರಿಸಿ ಬದಿಗಿಡಿ: 40 ಸೆಂಟಿಮೀಟರಿನ ಎರಡು ತುಂಡು, 1.6 ಮೀಟರಿನ ಒಂದು ತುಂಡು. ಎಲ್ಲ ಸೇರಿ 59 ಮೀಟರಿನಷ್ಟಾಯಿತು. ಪರೀಕ್ಷೆಯ ಗಂಟಿಗೆ ಹೋದದ್ದನ್ನೂ ಹಿಡಿದರೆ 65 ಮೀಟರ್ ಇಟ್ಟುಕೊಳ್ಳುವುದು ಕ್ಷೇಮ. ಉಳಿದರೆ ಏನೂ ನಷ್ಟವಿಲ್ಲ. ಸಾಲದೆ ಬಂದರೆ ನನ್ನ ಹೂಕುಂಡ ನೆನಪಿಸಿಕೊಳ್ಳಿ.

ಕತ್ತರಿಸುವ ಜಾಗಕ್ಕೆ ಟೇಪು ಸುತ್ತಿ, ಟೇಪಿನ ಮಧ್ಯಕ್ಕೆ ಕತ್ತರಿ ಹಾಕಿ. ತುದಿ ಬಿಚ್ಚಿಕೊಳ್ಳುವುದಿಲ್ಲ. ಪ್ರತಿ ಹುರಿಗೂ ಟೇಪು ಹಿಡಿದು ಅಳೆಯಬೇಡಿ. ಕುರ್ಚಿಯ ಎರಡು ಕಾಲಿಗೆ ಸುತ್ತಿ ಒಂದು ಸುತ್ತು ಎಷ್ಟು ಅಂತ ನೋಡಿಕೊಂಡರೆ ಕೆಲಸ ಬೇಗ ಆಗುತ್ತದೆ.

ಬೇಕಾದ ಗಂಟುಗಳು

ಬಳೆಗೆ ಹುರಿ ಕಟ್ಟಲು ಕುಣಿಕೆ ಗಂಟು. ವೀಡಿಯೊಗಳಲ್ಲಿ ಇದನ್ನು ಲಾರ್ಕ್ಸ್ ಹೆಡ್ ಎನ್ನುತ್ತಾರೆ. ಹುರಿಯನ್ನು ಸರಿಯಾಗಿ ಅರ್ಧಕ್ಕೆ ಮಡಚಿ. ಮಡಚಿದ ಕುಣಿಕೆಯನ್ನು ಬಳೆಯ ಮುಂದಿನಿಂದ ಮೇಲೆ ಹತ್ತಿಸಿ ಹಿಂದಕ್ಕೆ ಇಳಿಸಿ. ಬಳೆಯ ಕೆಳಗಿನಿಂದ ಅದನ್ನು ನಿಮ್ಮ ಕಡೆಗೆ ಎಳೆದು, ಎರಡೂ ತುದಿಗಳನ್ನು ಕುಣಿಕೆಯೊಳಗೆ ಇಳಿಸಿ ಜಗ್ಗಿ. ಮುಂದೆ ಒಂದು ಅಡ್ಡ ಪಟ್ಟಿ ಕಾಣಿಸುತ್ತದೆ. ಎಲ್ಲ ಗಂಟುಗಳಲ್ಲೂ ಆ ಪಟ್ಟಿ ಒಂದೇ ಕಡೆ ಇರಬೇಕು.

ಉಳಿದದ್ದೆಲ್ಲ ಚೌಕ ಗಂಟು. ನಾಲ್ಕು ಎಳೆ ಸಾಲಾಗಿ ಇಳಿದಿವೆ ಎಂದುಕೊಳ್ಳಿ. ಎಡತುದಿಯ ಎಳೆಯನ್ನು ನಡುವಿನ ಎರಡರ ಮೇಲಿಂದ ಬಲಕ್ಕೆ ಒಯ್ದು, ಬಲತುದಿಯ ಎಳೆಯ ಕೆಳಗೆ ಸೇರಿಸಿ. ಎಡಗಡೆ ಒಂದು ತೆರೆದ ಕುಣಿಕೆ ಉಳಿಯುತ್ತದೆ. ಬಲತುದಿಯ ಎಳೆಯನ್ನು ನಡುವಿನವುಗಳ ಹಿಂದಿನಿಂದ ಎಡಕ್ಕೆ ತಂದು, ಆ ಕುಣಿಕೆಯೊಳಗಿಂದ ಮೇಲಕ್ಕೆ ತೆಗೆಯಿರಿ. ಎರಡನ್ನೂ ಸಮನಾಗಿ ಎಳೆಯಿರಿ. ಇದು ಅರ್ಧ ಗಂಟು. ಇನ್ನರ್ಧ ಇದರದ್ದೇ ಕನ್ನಡಿ ಬಿಂಬ. ಈಗ ಬಲಕ್ಕೆ ಬಂದಿರುವ ಎಳೆ ನಡುವಿನವುಗಳ ಮೇಲಿಂದ ಎಡಕ್ಕೆ ಹೋಗಿ ಅಲ್ಲಿನ ಎಳೆಯ ಕೆಳಗೆ ಸೇರುತ್ತದೆ. ಎಡದಲ್ಲಿರುವುದು ಹಿಂದಿನಿಂದ ಬಲಕ್ಕೆ ಬಂದು, ಬಲದ ಕುಣಿಕೆಯೊಳಗಿಂದ ಮೇಲೇಳುತ್ತದೆ. ಎಳೆದರೆ ಗಂಟು ಕೂರುತ್ತದೆ.

ಎಡವೋ ಬಲವೋ ಎನ್ನುವ ಗೊಂದಲ ಎಲ್ಲರಿಗೂ ಆಗುತ್ತದೆ. ನಾನು ಎಡಬಲ ನೆನಪಿಡುವುದನ್ನೇ ಬಿಟ್ಟಿದ್ದೇನೆ. ಮೊದಲು ಮೇಲಿಂದ ಹೋದ ಎಳೆ ಯಾವಾಗಲೂ ಮೇಲಿಂದಲೇ ಹೋಗಬೇಕು. ಹಿಂದಿನಿಂದ ಬಂದದ್ದು ಯಾವಾಗಲೂ ಹಿಂದಿನಿಂದಲೇ ಬರಬೇಕು. ಅಷ್ಟು ನೆನಪಿಟ್ಟರೆ ಸಾಕು. ಕಲಿಯುವಾಗ ಮೇಲಿನ ಎಳೆಯ ತುದಿಗೆ ಬಣ್ಣದ ಟೇಪು ಸುತ್ತಿಕೊಳ್ಳಿ. ಸರಿಯಾಗಿ ಕಟ್ಟಿದ ಗಂಟಿನ ಎಡಗಡೆ ಒಂದು ಉಬ್ಬು ನೆಟ್ಟಗೆ ನಿಲ್ಲುತ್ತದೆ. ಎರಡು ಅರ್ಧವನ್ನೂ ಎಡದಿಂದಲೇ ಹಾಕಿದರೆ ಗಂಟು ತಿರುಚಿಕೊಳ್ಳುತ್ತದೆ. ಬ್ಯಾಗಿನಲ್ಲಿ ಅದು ತಪ್ಪು. ಕೀಚೈನಿನಲ್ಲಿ ನಾವು ಬೇಕೆಂದೇ ಅದನ್ನು ಮಾಡುತ್ತೇವೆ.

ಎರಡು ಬದಿ, ಬೇರೆ ಬೇರೆಯಾಗಿ

ಒಂದು ಬಳೆಯನ್ನು ಕಣ್ಣಿನ ಮಟ್ಟಕ್ಕೆ, ಗೋಡೆಯ ಮೊಳೆಗೋ ಬಾಗಿಲಿನ ಹಿಡಿಗೋ ತೂಗುಹಾಕಿ. ನೆಲದ ಮೇಲೆ ಬಗ್ಗಿ ಕೂತು ಮಾಡಿದರೆ ಬೆನ್ನು ಮೊದಲು ಸೋಲುತ್ತದೆ. ಎಡತುದಿಗೂ ಬಲತುದಿಗೂ 3 ಮೀಟರಿನ ಒಂದೊಂದು ಹುರಿ, ನಡುವೆ 2.8 ಮೀಟರಿನ ಎಂಟು. ಎಲ್ಲವನ್ನೂ ಒತ್ತೊತ್ತಾಗಿ ಕಟ್ಟಿ.

ಈಗ ರಟ್ಟು. ಅದನ್ನು 2.5 ಸೆಂಟಿಮೀಟರ್ ಅಗಲದ ಉದ್ದ ಪಟ್ಟಿಯಾಗಿ ಕತ್ತರಿಸಿ. ಸಾಲುಗಳ ನಡುವಿನ ಅಂತರ ಅಳೆಯಲು ಇದೇ ಸಾಧನ. ಬಳೆಯ ಗಂಟುಗಳ ಕೆಳಗೆ ಪಟ್ಟಿ ಹಿಡಿದು, ಅದರ ಕೆಳ ಅಂಚಿಗೆ ಗಂಟು ತಾಗುವಂತೆ ಕಟ್ಟುತ್ತಾ ಹೋಗಿ. ಕಣ್ಣಳತೆಯಲ್ಲಿ ಮಾಡಿದರೆ ಬಲ ಮೂಲೆ ಮೆಲ್ಲಗೆ ಕೆಳಗಿಳಿಯುತ್ತದೆ. ಆರನೇ ಸಾಲಿಗೆ ಬರುವಾಗ ಬ್ಯಾಗು ಒಂದು ಕಡೆ ವಾಲಿರುತ್ತದೆ. ಆಮೇಲೆ ಏನು ಮಾಡಿದರೂ ಅದು ನೆಟ್ಟಗಾಗುವುದಿಲ್ಲ.

ಮೊದಲ ಸಾಲಿನಲ್ಲಿ ನಾಲ್ಕು ನಾಲ್ಕು ಎಳೆ ಸೇರಿಸಿ 5 ಚೌಕ ಗಂಟು. ಎರಡನೇ ಸಾಲಿನಲ್ಲಿ ಎರಡೂ ತುದಿಯ ಎರಡೆರಡು ಎಳೆ ಬಿಟ್ಟುಬಿಡಿ. ಉಳಿದ 16 ಎಳೆಗಳಲ್ಲಿ 4 ಗಂಟು ಬರುತ್ತವೆ. ಮೇಲಿನ ಒಂದು ಗಂಟಿನಿಂದ ಎರಡು ಎಳೆ, ಪಕ್ಕದ ಗಂಟಿನಿಂದ ಎರಡು ಎಳೆ ಹೀಗೆ ಕೂಡಿಕೊಳ್ಳುವುದರಿಂದ ಬಲೆಯ ಕಣ್ಣು ಮೂಡುತ್ತದೆ. ಮೂರನೇ ಸಾಲಿನಲ್ಲಿ ಮತ್ತೆ 5.

ಇಲ್ಲಿ ಒಂದು ಚೆಂದದ ಲೆಕ್ಕ ಅಡಗಿದೆ. ಒಂದು ಸಾಲಿನಲ್ಲಿ ಪಕ್ಕದಲ್ಲಿದ್ದ ಎಳೆ ಮುಂದಿನ ಸಾಲಿನಲ್ಲಿ ನಡುವಿಗೆ ಬರುತ್ತದೆ, ನಡುವಿನದು ಪಕ್ಕಕ್ಕೆ ಹೋಗುತ್ತದೆ. ದುಡಿದದ್ದು ಒಂದು ಸಾಲು ಸುಧಾರಿಸಿಕೊಳ್ಳುತ್ತದೆ. ಹಾಗಾಗಿ ಎಲ್ಲ ಎಳೆಗಳೂ ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತವೆ. ತೀರ ತುದಿಯ ಎಳೆ ಮಾತ್ರ ಎರಡನೇ ಸಾಲಿನಲ್ಲಿ ಗಂಟಿಗೇ ಸೇರುವುದಿಲ್ಲ. ಅದು ಮೊದಲ ಸಾಲಿನಲ್ಲೂ ದುಡಿಯುತ್ತದೆ, ಮೂರನೆಯದರಲ್ಲೂ ದುಡಿಯುತ್ತದೆ. ಅಂಚಿಗೆ 3 ಮೀಟರಿನ ಹುರಿ ಕೊಟ್ಟದ್ದು ಮುನ್ನೆಚ್ಚರಿಕೆಗೆ, ಅಷ್ಟೇ.

ಎರಡನೇ ಬಳೆಗೂ ಇದೇ ಮೂರು ಸಾಲು ಹಾಕಿ. ಸಾಧ್ಯವಾದರೆ ಅದೇ ದಿನ ಮುಗಿಸಿ. ನಗಬೇಡಿ, ಬೇರೆ ದಿನ ಕೂತರೆ ಕೈಯ ಎಳೆತವೇ ಬದಲಾಗಿರುತ್ತದೆ. ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ ಆಗುವುದು ಹೀಗೆಯೇ.

ಎರಡನ್ನೂ ಸೇರಿಸುವುದು

ಎರಡು ಬದಿಗಳ ಹಿಂಬದಿ ಒಂದಕ್ಕೊಂದು ತಾಗುವಂತೆ ಜೋಡಿಸಿ. ಎರಡೂ ಬಳೆಗಳನ್ನು ಒಂದೇ ಕೊಕ್ಕೆಗೆ ಹಾಕಿ. ನಾಲ್ಕನೇ ಸಾಲಿನಲ್ಲಿ ಮುಂದಿನ ಬದಿಗೆ 4 ಗಂಟು, ಹಿಂದಿನದಕ್ಕೆ 4 ಗಂಟು ಹಾಕಿ. ಈಗ ಎಡ ಅಂಚಿನಲ್ಲಿ ಮುಂದಿನದರ ಎರಡು ಎಳೆ, ಹಿಂದಿನದರ ಎರಡು ಎಳೆ ಉಳಿದಿರುತ್ತವೆ. ಆ ನಾಲ್ಕನ್ನೂ ಕೂಡಿಸಿ ಒಂದು ಚೌಕ ಗಂಟು ಹಾಕಿ. ಬಲ ಅಂಚಿಗೂ ಹಾಗೇ. ಒಟ್ಟು 10 ಗಂಟು. ಚೀಲ ಈಗ ಕೊಳವೆಯಾಯಿತು. ಈ ಜೋಡಣೆಯ ಮೇಲಿನ ತೆರೆದ ಸೀಳೇ ಬ್ಯಾಗಿನ ಬಾಯಿ.

ಪಕ್ಕದ ಈ ಎರಡು ಗಂಟು ಹಾಕುವಾಗ ಬ್ಯಾಗನ್ನು ತಿರುಗಿಸಿ, ಅಂಚು ನಿಮ್ಮ ಮುಖಕ್ಕೆ ಎದುರಾಗುವಂತೆ ಮಾಡಿಕೊಳ್ಳಿ. ಮುಂದಿನಿಂದಲೇ ಕೈ ಚಾಚಿ ಕಟ್ಟಿದರೆ ಗಂಟು ಓರೆಯಾಗುತ್ತದೆ.

ಐದರಿಂದ ಎಂಟನೇ ಸಾಲಿನವರೆಗೆ ಸುತ್ತಲೂ ಹತ್ತು ಹತ್ತು ಗಂಟು, ಅದೇ ರಟ್ಟಿನ ಅಂತರ. ಇಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಕೈ ತಾನೇ ಓಡುತ್ತದೆ. ಎಳೆಗಳು ಸಿಕ್ಕಾಗುತ್ತಿದ್ದರೆ ಪ್ರತಿಯೊಂದನ್ನೂ ಚಿಕ್ಕ ಸುರುಳಿ ಮಾಡಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ. 40 ಎಳೆ ಕಗ್ಗಂಟಾದರೆ ಬಿಡಿಸಲು ಒಂದಿಡೀ ಸಂಜೆ ಬೇಕು.

ಒಂಬತ್ತು ಮತ್ತು ಹತ್ತನೇ ಸಾಲಿಗೆ ರಟ್ಟು ಬೇಡ. ಮೇಲಿನ ಸಾಲಿಗೆ ಅಂಟಿಕೊಳ್ಳುವಂತೆ ಒತ್ತೊತ್ತಾಗಿ ಕಟ್ಟಿ. ಭಾರವೆಲ್ಲ ಬಂದು ಕೂರುವುದು ತಳದಲ್ಲಿ. ಅಲ್ಲಿ ದೊಡ್ಡ ಕಣ್ಣು ಬಿಟ್ಟರೆ ಪೆನ್ನು, ಬೀಗದ ಕೈ ಎಲ್ಲ ದಾರಿಯಲ್ಲೇ ಉದುರುತ್ತವೆ.

ತಳ ಮುಚ್ಚುವುದು

ಎರಡು ದಾರಿ ಇವೆ. ಕೆಳಗೆ ಕುಚ್ಚು ಜೋಲಾಡಬೇಕು ಎನ್ನುವವರು ಬ್ಯಾಗನ್ನು ಹಾಗೇ ಇಟ್ಟುಕೊಳ್ಳಿ. ತಳ ಸಪಾಟಾಗಿರಲಿ ಎನ್ನುವವರು ಈಗಲೇ ಬ್ಯಾಗನ್ನು ಒಳಮೈ ಹೊರಗೆ ತಿರುಗಿಸಿ. ನನಗೆ ಎರಡನೆಯದೇ ಇಷ್ಟ. ಕುಚ್ಚು ಫೋಟೋದಲ್ಲಿ ಚೆಂದ, ಓಡಾಡುವಾಗ ಎಲ್ಲದಕ್ಕೂ ಸಿಕ್ಕಿಹಾಕಿಕೊಳ್ಳುತ್ತದೆ.

ಬ್ಯಾಗನ್ನು ಮೇಜಿನ ಮೇಲೆ ಮಟ್ಟಸವಾಗಿ ಹರಡಿ. ಒಂದು ತುದಿಯಿಂದ ಶುರು ಮಾಡಿ ಮುಂದಿನ ಎರಡು ಎಳೆ, ಅದರ ನೇರ ಹಿಂದಿನ ಎರಡು ಎಳೆ ಕೂಡಿಸಿ ಬಿಗಿಯಾಗಿ ಚೌಕ ಗಂಟು ಹಾಕಿ. ಮುಂದಿನ ಒಂದು ಮತ್ತು ಹಿಂದಿನ ಒಂದು ಎಳೆ ನಡುವಿಗೆ ಬರಲಿ, ಉಳಿದೆರಡು ಪಕ್ಕಕ್ಕೆ. ಅದರ ಕೆಳಗೇ ಇನ್ನೊಂದು ಚೌಕ ಗಂಟು. ಹೀಗೆ 10 ಜೋಡಿ. ಮಧ್ಯದಲ್ಲಿ ಎಳೆ ಎಣಿಸುವುದು ತಪ್ಪಿದರೆ ಕೊನೆಯಲ್ಲಿ ಎರಡು ಉಳಿಯುತ್ತವೆ ಅಥವಾ ಎರಡು ಸಾಲದೆ ಬರುತ್ತವೆ. ಅದಕ್ಕೇ ಕಟ್ಟುವ ಮೊದಲೇ ಹತ್ತೂ ಗುಂಪು ಮಾಡಿ ಟೇಪು ಸುತ್ತಿಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ಬ್ಯಾಗಿನೊಳಗೆ ನಾಲ್ಕು ದಪ್ಪ ಪುಸ್ತಕ ಹಾಕಿ ಒಂದು ರಾತ್ರಿ ತೂಗುಬಿಡಿ. ಆಮೇಲಷ್ಟೇ ತುದಿ ಕತ್ತರಿಸಿ. ಭಾರಕ್ಕೆ ಗಂಟು ಕೂತಾಗ ಎಲ್ಲಿ ಜಾರುತ್ತದೆ ಎನ್ನುವುದು ಬೆಳಿಗ್ಗೆ ಕಾಣಿಸುತ್ತದೆ. ಜಾರಿದ್ದನ್ನು ಮತ್ತೆ ಬಿಗಿ ಮಾಡಿ, ಇನ್ನೊಂದು ಗಂಟು ಸೇರಿಸಿ. ಒಳಗೆ ಬರುವ ತುದಿಗಳನ್ನು 3 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಅದಕ್ಕಿಂತ ಕಡಿಮೆ ಮಾಡಬೇಡಿ. ಆಮೇಲೆ ಬ್ಯಾಗಿನ ಹೊರಮೈ ಮತ್ತೆ ಹೊರಗೆ ಬರುವಂತೆ ತಿರುಗಿಸಿ. ಹೊರಗೆ ಕುಚ್ಚು ಬಿಡುವವರು 10 ಸೆಂಟಿಮೀಟರ್ ಇಟ್ಟುಕೊಳ್ಳಿ. ಬ್ಯಾಗು ಭಾರಕ್ಕೆ ಎರಡು ಮೂರು ಸೆಂಟಿಮೀಟರ್ ಉದ್ದವಾದರೆ ಗಾಬರಿ ಬೇಡ, ಬಲೆಯ ಸ್ವಭಾವವೇ ಅದು.

ಎಡವಟ್ಟಾದರೆ

ಒಂದು ಎಳೆ ನಡುವೆಯೇ ಮುಗಿದುಹೋಯಿತೇ? ಅದು ನಡುವಿನ ಎಳೆಯಾಗುವ ಸಾಲು ಬರುವವರೆಗೆ ಕಾಯಿರಿ. ಅಲ್ಲಿ ಹೊಸ ಹುರಿಯನ್ನು ಅದರ ಜೊತೆಗೇ ಮಲಗಿಸಿ ಎರಡನ್ನೂ ಸೇರಿಸಿ ಗಂಟು ಬಿಗಿಯಿರಿ. ಮುಂದಿನ ಸಾಲಿನಿಂದ ಹೊಸದು ದುಡಿಯುತ್ತದೆ, ಹಳೆಯ ತುದಿ ಬ್ಯಾಗಿನ ಒಳಗೆ ಅಡಗುತ್ತದೆ. ಆ ಒಂದು ಗಂಟು ಕೊಂಚ ದಪ್ಪ ಕಾಣುತ್ತದೆ. ನಿಮಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ತಪ್ಪಾದ ಗಂಟು ಎರಡು ಸಾಲು ಮೇಲಿದ್ದರೆ ಬಿಚ್ಚಲೇಬೇಕಾ? ಅಂತರ ತಪ್ಪಿದ್ದರೆ ಬಿಚ್ಚಿ. ಉಬ್ಬು ಎಡದ ಬದಲು ಬಲಕ್ಕೆ ಬಂದಿದ್ದರೆ ಬಿಟ್ಟುಬಿಡಿ.

ಜೊತೆಗಾರ ಕೀಚೈನ್

40 ಸೆಂಟಿಮೀಟರಿನ ಒಂದು ತುಂಡನ್ನು ಮಡಚಿ, ಕೀಚೈನ್ ಕೊಕ್ಕೆಯ ಬಳೆಗೆ ಕುಣಿಕೆ ಗಂಟು ಹಾಕಿ. ಇಳಿದ ಎರಡು ಎಳೆಗಳೇ ನಡುವಿನವು. 1.6 ಮೀಟರಿನ ಹುರಿಯ ಮಧ್ಯಭಾಗವನ್ನು ಅವುಗಳ ಹಿಂದೆ, ಬಳೆಗೆ ತಾಗಿಸಿ ಹಿಡಿಯಿರಿ. ಎಡಕ್ಕೊಂದು, ಬಲಕ್ಕೊಂದು ಉದ್ದ ಎಳೆ ಸಿಕ್ಕಿತು.

ಈಗ ಬರೀ ಅರ್ಧ ಗಂಟು, ಪ್ರತಿ ಸಲವೂ ಎಡದ ಎಳೆಯೇ ಮೇಲಿಂದ ಹೋಗಲಿ. ನಾಲ್ಕೈದು ಆಗುವಷ್ಟರಲ್ಲಿ ಪಟ್ಟಿ ತಾನೇ ತಿರುಗಲು ಶುರುಮಾಡುತ್ತದೆ. ತಡೆಯಬೇಡಿ. ಅರ್ಧ ಸುತ್ತು ತಿರುಗಿದಾಗ ಕೆಲಸವನ್ನೂ ಅದರ ಜೊತೆ ತಿರುಗಿಸಿಕೊಂಡು, ಈಗ ಎಡಕ್ಕೆ ಬಂದ ಎಳೆಯಿಂದ ಮುಂದುವರಿಯಿರಿ. 15 ಅರ್ಧ ಗಂಟಿಗೆ ಸುಮಾರು 8 ಸೆಂಟಿಮೀಟರ್ ಸುರುಳಿ ಬರುತ್ತದೆ.

ಕೆಳಗೆ ನಾಲ್ಕೂ ಎಳೆಗಳನ್ನು ಒಟ್ಟಿಗೆ ಕಟ್ಟಬೇಕು. ಉಳಿದ 40 ಸೆಂಟಿಮೀಟರಿನ ತುಂಡಿನ ಒಂದು ತುದಿ ಮೇಲಕ್ಕೆ ಚಾಚಿರಲಿ. ಅಲ್ಲಿಂದ ಹುರಿಯನ್ನು ಎಳೆಗಳ ಮೇಲೆ ಕೆಳಕ್ಕೆ ಇಳಿಸಿ, ಒಂದು ಕುಣಿಕೆ ಮಾಡಿ ಮತ್ತೆ ಮೇಲಕ್ಕೆ ತನ್ನಿ. ಉದ್ದದ ತುದಿಯಿಂದ ಕುಣಿಕೆಯೂ ಸೇರುವಂತೆ ಮೇಲಿಂದ ಕೆಳಕ್ಕೆ ಐದು ಸುತ್ತು ಬಿಗಿಯಾಗಿ ಸುತ್ತಿ. ಕೆಳಗೆ ಇಣುಕುತ್ತಿರುವ ಕುಣಿಕೆಯೊಳಗೆ ಆ ತುದಿಯನ್ನು ತೂರಿಸಿ, ಮೇಲಿನ ತುದಿಯನ್ನು ಜಗ್ಗಿ. ಕುಣಿಕೆ ಸುತ್ತುಗಳ ಒಳಗೆ ಸರಿದು ಮರೆಯಾಗುತ್ತದೆ. ಮಧ್ಯದವರೆಗೆ ಹೋದರೆ ಸಾಕು. ಪೂರ್ತಿ ಎಳೆದರೆ ಎಲ್ಲ ಬಿಚ್ಚಿ ಕೈಗೆ ಬರುತ್ತದೆ. ಎರಡೂ ತುದಿಗಳನ್ನು ಸುತ್ತಿನ ಬುಡಕ್ಕೆ ಕತ್ತರಿಸಿ.

ಉಳಿದ ನಾಲ್ಕು ಎಳೆಗಳನ್ನು ಬಿಡಿಸಿ ಬಾಚಿ. ಹೆಣೆದ ಹುರಿಯಾದರೆ ಮೊದಲು ದಪ್ಪ ಸೂಜಿಯಿಂದ ಎಳೆ ಬಿಡಿಸಿಕೊಳ್ಳಬೇಕು. ಕುಚ್ಚಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಕಾಗದ ಸುತ್ತಿ, ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸಿದರೆ ತುದಿ ಸಮನಾಗಿ ಬರುತ್ತದೆ. ಬ್ಯಾಗಿನ ಬಳೆಗೆ ಸಿಕ್ಕಿಸಿಬಿಡಿ.

ತೊಳೆಯುವ ವಿಷಯ

ತಣ್ಣೀರು, ಸ್ವಲ್ಪ ಸೋಪು, ಕೈಯಲ್ಲೇ ಹಿಸುಕುವುದು. ಮರದ ಬಳೆಯನ್ನು ನೆನೆಯಲು ಬಿಡಬೇಡಿ. ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಒಣಗಿಸುವಾಗ ತೂಗುಹಾಕಬೇಡಿ, ಒದ್ದೆ ಹುರಿಯ ಭಾರಕ್ಕೇ ಬಲೆ ಉದ್ದವಾಗುತ್ತದೆ. ನೆರಳಿನಲ್ಲಿ ಮಟ್ಟಸವಾಗಿ ಹರಡಿ, ಗಂಟಿನ ಸಾಲುಗಳನ್ನು ಕೈಯಿಂದ ನೇರ ಮಾಡಿ ಬಿಟ್ಟರೆ ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ.